‘ರಿಪೋರ್ಟ್ ನಾರ್ಮಲ್’ ಅಂದಮೇಲೆ ಮುಂದೇನು? ಡಿಸೋಸಿಯೇಟಿವ್ ಕಾಯಿಲೆ ಗುರುತಿಸಲು ವೈದ್ಯರಿಗೇ ಬೇಕಿದೆ ತರಬೇತಿ

ಡಿಸೋಸಿಯೇಟಿವ್ ಡಿಸಾರ್ಡರ್ ಎಂಬ ಹೆಸರು ಕೇಳದವರಿಗೂ ‘ಆಪ್ತಮಿತ್ರ’ದ ನಾಗವಲ್ಲಿ ಗೊತ್ತು. ಮಲಯಾಳಂನ ‘ಮಣಿಚಿತ್ರತಾಳ್’ (1993) ಚಿತ್ರದಲ್ಲಿ ಹುಟ್ಟಿದ ಆ ಕಥೆ 2004ರಲ್ಲಿ ಕನ್ನಡಕ್ಕೆ ಬಂತು. ಆಮೇಲೆ ತಮಿಳಿನಲ್ಲಿ ‘ಚಂದ್ರಮುಖಿ’, ಹಿಂದಿಯಲ್ಲಿ ‘ಭೂಲ್ ಭುಲೈಯಾ’ ಆಯಿತು. ಮಂತ್ರವಾದಿಯ ಬದಲು ಮನೋವೈದ್ಯನೇ ನಾಯಕನಾದದ್ದು ಒಳ್ಳೆಯದೇ. ಆದರೆ ಈ ಸಿನಿಮಾಗಳು ಎರಡು ತಪ್ಪು ಕಲ್ಪನೆಗಳನ್ನೂ ಬಿಟ್ಟುಹೋದವು. ಒಂದು, ಈ ಕಾಯಿಲೆ ಎಂದರೆ ರೌದ್ರಾವತಾರ. ಇನ್ನೊಂದು, ಇದರ ಚಿಕಿತ್ಸೆ ಎಂದರೆ ಒಂದೇ ರಾತ್ರಿಯ ಪವಾಡ.

ಆಸ್ಪತ್ರೆಗಳಲ್ಲಿ ಕಾಣುವ ಚಿತ್ರ ಬೇರೆ. ನೆನಪು, ಭಾವನೆ, ದೇಹದ ಚಲನೆ, ‘ನಾನು’ ಎಂಬ ಅರಿವು ಸಾಮಾನ್ಯವಾಗಿ ಒಟ್ಟಿಗೇ ಸಾಗುತ್ತವೆ. ಇವುಗಳ ನಡುವಿನ ಕೊಂಡಿ ತಪ್ಪುವುದೇ ಈ ಕಾಯಿಲೆ. ಒಬ್ಬರ ಕಾಲು ಇದ್ದಕ್ಕಿದ್ದಂತೆ ಬಲ ಕಳೆದುಕೊಳ್ಳುತ್ತದೆ, ಇನ್ನೊಬ್ಬರ ದನಿ ನಿಂತುಹೋಗುತ್ತದೆ, ಮತ್ತೊಬ್ಬರಿಗೆ ಫಿಟ್ಸ್‌ನಂತೆಯೇ ಕಾಣುವ ಸೆಳೆತ ಬರುತ್ತದೆ. ಕೆಲವರಿಗೆ ಕಳೆದ ಕೆಲವು ಗಂಟೆಗಳ ನೆನಪೇ ಇರುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ 1999ರಿಂದ 2008ರವರೆಗಿನ ದಾಖಲೆಗಳನ್ನು ಪರಿಶೀಲಿಸಿದಾಗ ಈ ಗುಂಪಿನಲ್ಲಿ ಹೆಚ್ಚಾಗಿ ಕಂಡದ್ದು ಚಲನೆಯ ತೊಂದರೆ, ಅದರ ನಂತರ ಸೆಳೆತ.

ಇಂಥ ತೊಂದರೆ ಇರುವವರು ಮೊದಲು ಹೋಗುವುದು ಮನೋವೈದ್ಯರ ಬಳಿಗಲ್ಲ. ಕ್ಯಾಶುವಾಲ್ಟಿಗೆ, ಫ್ಯಾಮಿಲಿ ಡಾಕ್ಟರ್ ಬಳಿಗೆ, ನರರೋಗ ತಜ್ಞರ ಬಳಿಗೆ. ಹಾಗಾಗಿ ತರಬೇತಿಯ ಪ್ರಶ್ನೆಯೂ ಅಲ್ಲಿಂದಲೇ ಶುರುವಾಗಬೇಕು.

‘ಏನೂ ಇಲ್ಲ’ ಎಂಬ ಉತ್ತರ

ಇಇಜಿ, ಎಂಆರ್‌ಐ, ರಕ್ತಪರೀಕ್ಷೆ ಎಲ್ಲ ಮುಗಿದ ಮೇಲೆ ಸಿಗುವ ಉತ್ತರ ಬಹಳ ಸಲ ‘ಎಲ್ಲ ನಾರ್ಮಲ್, ಏನೂ ಇಲ್ಲ’. ವೈದ್ಯರ ಮಟ್ಟಿಗೆ ಅದು ಸಮಾಧಾನದ ಮಾತು. ಮನೆಯವರ ಕಿವಿಗೆ ಅದು ‘ನಾಟಕ’ ಎಂದು ಕೇಳಿಸುತ್ತದೆ. ‘ಹಿಸ್ಟೀರಿಯಾ’ ಎಂಬ ಪದ ಹೊಸ ಪಠ್ಯಗಳಿಂದ ಹೋಗಿದೆ, ವಾರ್ಡುಗಳಿಂದ ಹೋಗಿಲ್ಲ. ಸೆಳೆತ ಬಂದವರಿಗೆ ಎಚ್ಚರವಾಗಲೆಂದು ಅಮೋನಿಯಾ ಮೂಸಿಸುವ, ನೋವಾಗುವಂತೆ ಎದೆಮೂಳೆ ಉಜ್ಜುವ ರೂಢಿ ಇನ್ನೂ ಅಲ್ಲಲ್ಲಿ ಉಳಿದಿದೆ. ಇದು ಚಿಕಿತ್ಸೆಯಲ್ಲ, ಶಿಕ್ಷೆ.

ಅಲ್ಲಿಂದ ದಾರಿ ಎರಡಾಗುತ್ತದೆ. ಕೆಲವರು ಮೂರ್ಛೆ ರೋಗವೇ ಇಲ್ಲದಿದ್ದರೂ ಅದರ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗುತ್ತಾರೆ. ಇನ್ನು ಕೆಲವರನ್ನು ಮನೆಯವರು ದೆವ್ವ ಬಿಡಿಸುವವರ ಬಳಿಗೆ ಕರೆದೊಯ್ಯುತ್ತಾರೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆದು ಹಿಂಸಿಸುವುದನ್ನು ಮಹಾರಾಷ್ಟ್ರ 2013ರಲ್ಲಿ, ಕರ್ನಾಟಕ 2017ರಲ್ಲಿ ಕಾಯ್ದೆ ಮಾಡಿ ಅಪರಾಧವಾಗಿಸಿವೆ. ಆದರೆ ಕಾಯ್ದೆ ಏಟನ್ನು ತಡೆಯಬಹುದೇ ಹೊರತು ಕಾಯಿಲೆಯನ್ನು ವಿವರಿಸಲಾರದು. ವಿವರಿಸಬೇಕಾದವರು ವೈದ್ಯರು.

ಕಲಿಸಲು ಸಾಧ್ಯವಿರುವ ಕೌಶಲ

ವಿವರಿಸಲು ಬೇಕಾದ ಜ್ಞಾನ ಇಲ್ಲದಿಲ್ಲ. ಫಿಟ್ಸ್‌ನಂತೆ ಕಾಣುವ ಸೆಳೆತ ಅಥವಾ ಕಾಲಿನ ದೌರ್ಬಲ್ಯವನ್ನು ‘ಬೇರೇನೂ ಸಿಗಲಿಲ್ಲ, ಆದ್ದರಿಂದ ಇದು ಮನಸ್ಸಿನದು’ ಎಂದು ತೀರ್ಮಾನಿಸುವ ಕಾಲ ಮುಗಿದಿದೆ. ಅಮೆರಿಕದ ಮನೋವೈದ್ಯರ ಕೈಪಿಡಿಯ 2013ರ ಆವೃತ್ತಿ, ಡಿಎಸ್‌ಎಂ-5, ದೇಹಪರೀಕ್ಷೆಯಲ್ಲೇ ಸಿಗುವ ಸ್ಪಷ್ಟ ಲಕ್ಷಣಗಳಿಗೆ ಒತ್ತು ಕೊಟ್ಟಿತು. ‘ಹೂವರ್ ಸೈನ್’ ಇದಕ್ಕೊಂದು ಉದಾಹರಣೆ. ಬಲ ಕಳೆದುಕೊಂಡ ಕಾಲನ್ನು ಹಾಸಿಗೆಗೆ ಒತ್ತಿ ಎಂದರೆ ರೋಗಿಗೆ ಆಗುವುದಿಲ್ಲ. ಇನ್ನೊಂದು ಕಾಲನ್ನು ಮೇಲೆತ್ತಿ ಎಂದಾಗ ಅದೇ ಕಾಲು ತಾನಾಗಿ ಕೆಳಗೆ ಒತ್ತುತ್ತದೆ. ಅಂದರೆ ನರದ ದಾರಿ ಸರಿಯಿದೆ, ಅದನ್ನು ಬಳಸುವ ಹಿಡಿತ ತಪ್ಪಿದೆ. ಇದನ್ನು ರೋಗಿಗೇ ತೋರಿಸಿ ‘ನೀವು ನಾಟಕ ಮಾಡುತ್ತಿಲ್ಲ, ಇದು ಸರಿಹೋಗಬಲ್ಲ ತೊಂದರೆ’ ಎಂದು ಹೇಳುವುದೇ ಚಿಕಿತ್ಸೆಯ ಮೊದಲ ಹೆಜ್ಜೆ. ಸೆಳೆತದಲ್ಲೂ ಅಷ್ಟೆ. ಒಂದು ಇಇಜಿ ನಾರ್ಮಲ್ ಬಂದರೆ ಮೂರ್ಛೆ ರೋಗ ಇಲ್ಲ ಎಂದಾಗುವುದಿಲ್ಲ. ಸೆಳೆತದ ಹೊತ್ತಿನ ವಿಡಿಯೊ ಇಇಜಿ ಬೇಕಾಗಬಹುದು. ಕೆಲವರಲ್ಲಿ ಎರಡೂ ಇರುತ್ತವೆ.

ಮನೋವೈದ್ಯರು ಮತ್ತು ಕ್ಲಿನಿಕಲ್ ಸೈಕಾಲಜಿಸ್ಟರ ತರಬೇತಿಯಲ್ಲಿ ಇರಬೇಕಾದ್ದು ಇನ್ನೊಂದು. ಬಾಲ್ಯದ ದೌರ್ಜನ್ಯದಂಥ ಆಘಾತ ಅನುಭವಿಸಿದವರು ‘ತಲೆಯೊಳಗೆ ದನಿ ಕೇಳುತ್ತದೆ’ ಎಂದ ಕೂಡಲೇ ಅದು ಸ್ಕಿಜೋಫ್ರೀನಿಯಾ ಎಂದು ದಾಖಲಾಗಿಬಿಡುವ ಅಪಾಯವಿದೆ. ನೆನಪು ತಪ್ಪುವುದು, ತಾನು ತಾನಲ್ಲ ಎನಿಸುವುದು ಇವುಗಳನ್ನು ಕೇಳಿದರೆ ಮಾತ್ರ ಹೊರಬರುತ್ತವೆ. ಕೇಳಲು 1986ರಿಂದಲೂ 28 ಪ್ರಶ್ನೆಗಳ ಒಂದು ಪಟ್ಟಿ ಬಳಕೆಯಲ್ಲಿದೆ. ಈ ಕಾಯಿಲೆಗೆಂದೇ ಮಾನ್ಯತೆ ಪಡೆದ ಔಷಧ ಯಾವುದೂ ಇಲ್ಲ. ಮಾತಿನ ಚಿಕಿತ್ಸೆಯೇ ಮುಖ್ಯ, ಅದೂ ಹಂತ ಹಂತವಾಗಿ. ಮೊದಲು ರೋಗಿಯ ಸುರಕ್ಷತೆ ಮತ್ತು ಸ್ಥಿರತೆ, ಆಮೇಲೆ ಆಘಾತದ ನೆನಪು, ಕೊನೆಗೆ ಬದುಕಿಗೆ ಮರಳುವಿಕೆ.

ಅರೆಬರೆ ತರಬೇತಿಯೂ ಅಪಾಯ

ಈ ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1980–90ರ ದಶಕದ ಅಮೆರಿಕವೇ ಸಾಕ್ಷಿ. ಅಲ್ಲಿ ‘ಬಹುವ್ಯಕ್ತಿತ್ವ’ದ ರೋಗನಿರ್ಣಯ ಏಕಾಏಕಿ ಏರಿತು. ಸಮ್ಮೋಹನ ಮತ್ತು ಸೂಚನೆ ಬೆರೆತ ಪ್ರಶ್ನೆಗಳಿಂದ ನಡೆಯದ ಘಟನೆಗಳೂ ನೆನಪಾಗಿ ಹೊರಬಂದ ಆರೋಪಗಳು ಕೋರ್ಟ್ ಮೆಟ್ಟಿಲೇರಿದವು. ವಾರಾಂತ್ಯದ ಕಾರ್ಯಾಗಾರದ ಸರ್ಟಿಫಿಕೇಟ್ ಹಿಡಿದು ಹಳೆಯ ನೆನಪು ಕೆದಕಲು ಹೊರಡುವವರು ಇಲ್ಲಿಯೂ ಅದೇ ಹಾನಿ ಮಾಡಬಲ್ಲರು. ಗುರುತಿಸುವುದನ್ನು ಎಲ್ಲ ವೈದ್ಯರಿಗೂ ಕಲಿಸಬೇಕು. ಆಘಾತದ ನೆನಪಿನ ಚಿಕಿತ್ಸೆಯನ್ನು ಹಿರಿಯರ ಮೇಲ್ವಿಚಾರಣೆಯಲ್ಲಿ ಪಳಗಿದವರಿಗಷ್ಟೇ ಬಿಡಬೇಕು.

ಫಲಿತಾಂಶದ ಬಗ್ಗೆಯೂ ಪ್ರಾಮಾಣಿಕತೆ ಬೇಕು. ಬ್ರಿಟನ್ನಿನಲ್ಲಿ 368 ಮಂದಿಯ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಾತಿನ ಚಿಕಿತ್ಸೆ ಸೇರಿಸಿದ್ದರಿಂದ ಒಂದು ವರ್ಷದ ಬಳಿಕ ಸೆಳೆತದ ಸಂಖ್ಯೆ ಗಣನೀಯವಾಗಿ ಇಳಿಯಲಿಲ್ಲ. ಆದರೆ ರೋಗಿಗಳ ದಿನನಿತ್ಯದ ಬದುಕು ಮತ್ತು ಮಾನಸಿಕ ನೆಮ್ಮದಿ ಸುಧಾರಿಸಿತು. ಪವಾಡ ಇಲ್ಲ, ಪ್ರಯೋಜನ ಇದೆ.

ಮೈಮೇಲೆ ಬರುವುದೆಲ್ಲ ಕಾಯಿಲೆಯೇ?

ಅಲ್ಲ. ಕರಾವಳಿಯ ದೈವಾರಾಧನೆಯಲ್ಲಿ ಪಾತ್ರಿಯ ಮೇಲೆ ದೈವ ಬರುವುದು ಸಮುದಾಯ ಒಪ್ಪಿದ ಆಚರಣೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಕೂಡ ಇದನ್ನು ಸ್ಪಷ್ಟಪಡಿಸುತ್ತದೆ. ಬೇಡವೆಂದರೂ ಬರುವ, ಆಚರಣೆಯ ಭಾಗವಲ್ಲದ, ಬದುಕನ್ನು ಕೆಡಿಸುವ ಸ್ಥಿತಿ ಮಾತ್ರ ಕಾಯಿಲೆ. ಈ ಗೆರೆ ಎಳೆಯಲು ರೋಗಿಯ ಊರು, ಭಾಷೆ ಗೊತ್ತಿರಬೇಕು. ‘ಗಾಳಿ ಸೋಕಿದೆ’, ‘ಮೈಮೇಲೆ ಬಂತು’ ಎಂಬ ಮಾತು ದೆಹಲಿಯ ಹಿಂದಿ ಮಾತ್ರ ಬಲ್ಲ ವೈದ್ಯರಿಗೆ ಮಗನೋ ಮಗಳೋ ಅನುವಾದಿಸುವಾಗ ಅರ್ಧ ಕಳೆದುಹೋಗುತ್ತದೆ. ಮನೆಯವರ ಎದುರು ಹೇಳಲಾಗದ ಮಾತಂತೂ ಹೊರಗೇ ಬರುವುದಿಲ್ಲ.

ದಾರಿ ಬಳ್ಳಾರಿಯಿಂದಲೇ ಇದೆ

ದೇಶದಲ್ಲಿ ಲಕ್ಷ ಜನರಿಗೆ ಸುಮಾರು 0.75 ಮನೋವೈದ್ಯರಿದ್ದಾರೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಶೇ 70ರಿಂದ 92. ಹೀಗಿರುವಾಗ ತಜ್ಞರನ್ನಷ್ಟೇ ನಂಬಿ ಕೂರಲಾಗದು. ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸಲು ಕಲಿಸಬಹುದು ಎಂದು ನಿಮ್ಹಾನ್ಸ್ 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿತ್ತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ದೂರದಿಂದಲೇ ತರಬೇತಿ ಕೊಡುವ ಡಿಜಿಟಲ್ ಅಕಾಡೆಮಿ 2018ರಿಂದ ಇದೆ. ಹೊಸ ಸಂಸ್ಥೆ ಕಟ್ಟಬೇಕಿಲ್ಲ. ಇರುವ ಪಾಠಕ್ಕೆ ಈ ಕಾಯಿಲೆಗಳನ್ನು ಗಂಭೀರವಾಗಿ ಸೇರಿಸಿ, ಕ್ಯಾಶುವಾಲ್ಟಿ ವೈದ್ಯರನ್ನೂ ನರ್ಸ್‌ಗಳನ್ನೂ ಆ ತರಗತಿಯಲ್ಲಿ ಕೂರಿಸಿದರೆ ದೊಡ್ಡ ಹೆಜ್ಜೆ ಇಟ್ಟಂತೆ.

ಅಲ್ಲಿಯವರೆಗೆ ಓದುಗರು ಮಾಡಬಹುದಾದ್ದೂ ಇದೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಮಾತನಾಡುತ್ತದೆ. ಪರೀಕ್ಷೆಗಳೆಲ್ಲ ಮುಗಿದು ‘ಏನೂ ಇಲ್ಲ’ ಎಂದು ಕಳಿಸುವ ವೈದ್ಯರನ್ನು ‘ಹಾಗಾದರೆ ಇದು ಏನು, ಮುಂದೆ ಯಾರನ್ನು ನೋಡಬೇಕು’ ಎಂದು ಕೇಳುವ ಹಕ್ಕು ಪ್ರತಿ ಕುಟುಂಬಕ್ಕೂ ಇದೆ. ಆ ಪ್ರಶ್ನೆಗೆ ಉತ್ತರ ಕೊಡಲು ವೈದ್ಯರನ್ನು ಸಿದ್ಧಗೊಳಿಸುವುದು ಸರ್ಕಾರ ಮತ್ತು ವೈದ್ಯಕೀಯ ಕಾಲೇಜುಗಳ ಹೊಣೆ.