ಹಗಲಿನ ತಾಯಿಯ ಪಾಠಗಂಟೆ

ಜರ್ಮನಿಯಲ್ಲಿ ತನ್ನ ಮನೆಯಲ್ಲೇ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸಿಗೆ ‘ಟಾಗೆಸ್‌ಮುಟ್ಟರ್’ ಎನ್ನುತ್ತಾರೆ. ಹಗಲಿನ ತಾಯಿ ಎಂದು ಅರ್ಥ. ಆಕೆ ಕಲಿಯುವ ಪಾಠಗಳಲ್ಲಿ ಸೋಮವಾರದ ಬಗ್ಗೆ ಒಂದು ನಿಯಮವಿದೆ. ಮಗು ಹೊಸದಾಗಿ ಬರತೊಡಗಿದಾಗ ಮೊದಲ ಮೂರು ದಿನ ಅಮ್ಮನೋ ಅಪ್ಪನೋ ಜತೆಯಲ್ಲೇ ಕೂತಿರಬೇಕು. ಒಂದು ಗಂಟೆ ಇದ್ದು ಮಗುವನ್ನು ಎತ್ತಿಕೊಂಡು ವಾಪಸ್ ಹೋಗಬೇಕು. ನಾಲ್ಕನೆಯ ದಿನ, ಹೋಗಿಬರುತ್ತೇನೆಂದು ಮಗುವಿಗೆ ಹೇಳಿಯೇ, ಬಾಗಿಲಾಚೆ ಹೋಗಿ ನೋಡಬಹುದು. ಅದೂ ಹೆಚ್ಚೆಂದರೆ ಅರ್ಧ ಗಂಟೆ. ಆ ನಾಲ್ಕನೆಯ ದಿನ ಸೋಮವಾರ ಬಿದ್ದರೆ ಮಾತ್ರ ಹೋಗುವಂತಿಲ್ಲ, ಮಂಗಳವಾರದವರೆಗೆ ಕಾಯಬೇಕು. ಎರಡು ದಿನ ರಜೆಯಲ್ಲಿ ಮನೆಯವರಿಗೆ ಅಂಟಿಕೊಂಡಿದ್ದ ಕೂಸಿಗೆ ಸೋಮವಾರ ಎಲ್ಲವೂ ಮತ್ತೆ ಹೊಸದು ಎಂಬ ಲೆಕ್ಕ. ‘ಬರ್ಲಿನ್ ಮಾದರಿ’ ಎಂದು ಹೆಸರಾದ ಈ ಕ್ರಮವನ್ನು ಅಲ್ಲಿನ ಎಷ್ಟೋ ಶಿಶುವಿಹಾರಗಳೂ ಪಾಲಿಸುತ್ತವೆ.

ಇನ್ನು ಬೆಂಗಳೂರಿನ ಯಾವುದೇ ಬಡಾವಣೆಯ ಬೆಳಗಿನ ಎಂಟೂಮುಕ್ಕಾಲು ಗಂಟೆ. ಗೇಟಿನ ಹತ್ತಿರ, ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಆಂಟಿ ಮಗುವನ್ನು ಸೊಂಟಕ್ಕೆ ಏರಿಸಿಕೊಳ್ಳುತ್ತಾರೆ. ‘ಬಾ ಪುಟ್ಟಾ, ಮೇಲೆ ಕಾಕಿ ಕೂತಿದೆ ನೋಡು’ ಎನ್ನುತ್ತಲೇ ತಾಯಿಗೆ ಕಣ್ಣಲ್ಲೇ ಸನ್ನೆ: ಹೊರಡಿ. ತಾಯಿ ಚಪ್ಪಲಿ ಸದ್ದಾಗದಂತೆ ಹಿಂದೆ ಸರಿಯುತ್ತಾಳೆ. ಸ್ಕೂಟಿಯನ್ನು ಅಲ್ಲೇ ಸ್ಟಾರ್ಟ್ ಮಾಡಿದರೆ ಮಗು ತಿರುಗಿಬಿಡುತ್ತದೆಂದು ಕ್ರಾಸಿನ ತನಕ ತಳ್ಳಿಕೊಂಡೇ ಹೋಗುತ್ತಾಳೆ. ಕಾಗೆ ಹಾರಿಹೋದ ಮೇಲೆ ಮಗು ತಿರುಗಿ ನೋಡುತ್ತದೆ.

ಆಂಟಿಯದು ಕೆಟ್ಟ ಮನಸ್ಸಲ್ಲ. ಅಳಿಸಬಾರದು ಎಂಬ ಅಕ್ಕರೆಯಿಂದಲೇ ಆಕೆ ಹಾಗೆ ಮಾಡಿದ್ದು. ಆದರೆ ಕಣ್ಣು ತಪ್ಪಿಸಿದರೆ ಅಮ್ಮ ಮಾಯವಾಗುತ್ತಾಳೆ ಎಂದು ತಿಳಿದುಕೊಂಡ ಮಗು ಮರುದಿನ ಗೇಟಿನಲ್ಲೇ ಸೆರಗು ಹಿಡಿದುಕೊಳ್ಳುತ್ತದೆ. ಹೇಳಿ ಹೋದರೆ ಆ ಹೊತ್ತಿಗೆ ಅಳು ಜಾಸ್ತಿ, ತಿಂಗಳ ಲೆಕ್ಕದಲ್ಲಿ ಕಡಿಮೆ. ಇಷ್ಟು ಸಣ್ಣ ಸಂಗತಿಯನ್ನು ಆಕೆಗೆ ಇದುವರೆಗೆ ಯಾರೂ ಹೇಳಿಲ್ಲ. ಹೇಳುವುದು ಯಾರ ಕೆಲಸ ಎಂದೂ ಗೊತ್ತಾಗಿಲ್ಲ.

‘ಹೆಂಗಸಿಗೆ ಮಗು ನೋಡಿಕೊಳ್ಳುವುದನ್ನೂ ಕಲಿಸಬೇಕೇ’ ಎಂದು ಕೇಳುವವರಿದ್ದಾರೆ. ಕೇಳುವವರಲ್ಲಿ ಹೆಚ್ಚಿನವರು ಗಂಡಸರು ಎಂಬುದನ್ನು ಬದಿಗಿಟ್ಟರೂ ಪ್ರಶ್ನೆ ತಪ್ಪು. ತನ್ನ ಒಂದು ಮಗುವನ್ನು ಸಾಕುವುದು ಬೇರೆ, ಬೇರೆಬೇರೆ ಮನೆಯ ಮೂರು ಮಕ್ಕಳನ್ನು ಹತ್ತು ಗಂಟೆ ಹೊತ್ತು ಕಾಯುವುದು ಬೇರೆ. ಒಂದು ಮಲಗಿದಾಗ ಇನ್ನೊಂದು ಏಳುತ್ತದೆ, ಮೂರನೆಯದು ಬಚ್ಚಲ ಕಡೆ ಹೊರಟಿರುತ್ತದೆ. ತನ್ನ ಮಗುವಿಗೆ ಜ್ವರ ಬಂದರೆ ಬಜೆ ತೇದು ನೆಕ್ಕಿಸುವುದು ಆ ಮನೆಯ ವಿಚಾರ. ಪರರ ಮಗುವಿಗೆ ಏನು ಕೊಡಬಹುದು, ಏನು ಕೊಡಬಾರದು, ಯಾವಾಗ ಫೋನ್ ಮಾಡಬೇಕು ಎಂಬುದಕ್ಕೆ ಮೊದಲೇ ಒಪ್ಪಂದ ಬೇಕು.

ಜರ್ಮನಿಯಲ್ಲೂ ಇದು ಮೊದಲಿನಿಂದ ಇದ್ದ ಏರ್ಪಾಡಲ್ಲ. ಸ್ವೀಡನ್ನಿನ ‘ದಾಗ್‌ಮಮ್ಮ’ ಪದ್ಧತಿಯನ್ನು ನೋಡಿ ಪಶ್ಚಿಮ ಜರ್ಮನಿ 1974ರಲ್ಲಿ ಒಂದು ಪ್ರಯೋಗ ಶುರುಮಾಡಿದಾಗ, ಕೂಸನ್ನು ತಾಯಿಯಿಂದ ಬೇರ್ಪಡಿಸುವುದೇ ಅನ್ಯಾಯ ಎಂದು ದೊಡ್ಡ ವಾಗ್ವಾದವೇ ನಡೆಯಿತು. ಕಾಲ ಬದಲಾಯಿತು. 2013ರ ಆಗಸ್ಟ್ 1ರಿಂದ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಆರೈಕೆಯ ಜಾಗ ಕಾನೂನಿನ ಹಕ್ಕಾಯಿತು. ಶಿಶುವಿಹಾರಗಳು ಒಂದೇ ರಾತ್ರಿಯಲ್ಲಿ ಏಳುವುದಿಲ್ಲವಲ್ಲ, ಹಗಲಿನ ತಾಯಂದಿರೇ ಆಸರೆಯಾದರು. ಇವತ್ತು ಅಲ್ಲಿ ಇಂಥವರು ನಲವತ್ತು ಸಾವಿರದಷ್ಟಿದ್ದಾರೆ. ಒಬ್ಬರ ಬಳಿ ಏಕಕಾಲಕ್ಕೆ ಐದು ಮಕ್ಕಳಿಗಿಂತ ಹೆಚ್ಚು ಇರುವಂತಿಲ್ಲ. ಹಣ ಪಡೆದು, ವಾರಕ್ಕೆ 15 ಗಂಟೆಗೂ ಹೆಚ್ಚು, ಮೂರು ತಿಂಗಳಿಗೂ ಮೀರಿ ನೋಡಿಕೊಳ್ಳುವುದಾದರೆ ಪರವಾನಗಿ ಬೇಕೇ ಬೇಕು. ಅದು ಐದು ವರ್ಷದ್ದು. ಕೊಡುವ ಮೊದಲು ಪೊಲೀಸ್ ದಾಖಲೆ ನೋಡುತ್ತಾರೆ, ಮನೆಗೂ ಬಂದು ನೋಡುತ್ತಾರೆ: ಮೆಟ್ಟಿಲಿಗೆ ಗೇಟಿದೆಯೇ, ಕುಂಡದಲ್ಲಿರುವ ಗಿಡ ಯಾವುದು. ಇಲ್ಲಿನವರಿಗೆ ಅತಿಯಾಯಿತು ಅನ್ನಿಸಬಹುದು. ಆದರೆ ನಮ್ಮ ಅಂಗಳಗಳಲ್ಲಿ ಪೂಜೆಗೆಂದು ಬೆಳೆಸುವ ಕಣಗಿಲೆಯ ಎಲೆಯೂ ವಿಷವೇ.

ಇಲ್ಲಿಂದ ಮುಂದಿನದು ಕರ್ನಾಟಕದವರು ಗಮನವಿಟ್ಟು ನೋಡಬೇಕಾದ ಭಾಗ. ಜರ್ಮನ್ ಯುವ ಸಂಸ್ಥೆ ಎಂಬ ಸಂಶೋಧನಾ ಕೇಂದ್ರ ರೂಪಿಸಿದ ಹೊಸ ಪಠ್ಯಕ್ರಮ ಒಟ್ಟು 300 ಪಾಠಗಂಟೆಗಳದ್ದು. ಒಂದೊಂದೂ 45 ನಿಮಿಷ. ಅದರಲ್ಲಿ 160 ಗಂಟೆ ಮಕ್ಕಳು ಬರುವುದಕ್ಕೆ ಮುಂಚೆ. ಉಳಿದ 140 ಮಕ್ಕಳು ಮನೆಗೆ ಬರತೊಡಗಿದ ಮೇಲೆ, ಕೆಲಸದ ಜತೆಜತೆಗೇ. ನಡುವೆ 80 ಗಂಟೆ ಅನುಭವಸ್ಥರ ಕೈಕೆಳಗೆ ಪ್ರಾಯೋಗಿಕ ಕಲಿಕೆ. ಬಾಷ್ ಮತ್ತು ಎಸ್‌ಎಪಿ ಕಂಪನಿಗಳ ತವರು, ಬೆಂಗಳೂರಿನ ಸಾಫ್ಟ್‌ವೇರ್ ಜನಕ್ಕೂ ಪರಿಚಿತವಾದ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ ಇದನ್ನೂ ತಿರುಗಿಸಿ ಹಾಕಿದೆ: 50 ಗಂಟೆ ಕಲಿತು ಕೆಲಸ ಶುರುಮಾಡಬಹುದು, ಮಿಕ್ಕ 250 ಕೆಲಸ ಮಾಡುತ್ತಲೇ. ಫ್ರಾನ್ಸಿನಲ್ಲೂ ಇದೇ ಜಾಡು. ಅಲ್ಲಿ 120 ಗಂಟೆಯ ತರಬೇತಿಯಲ್ಲಿ 80 ಮೊದಲ ಮಗು ಬರುವ ಮುನ್ನ, 40 ಮುಂದಿನ ಮೂರು ವರ್ಷದೊಳಗೆ.

ಹೀಗೆ ಎರಡು ಪಾಲು ಮಾಡಿರುವುದರಲ್ಲಿ ಜಾಣತನವಿದೆ. ಕೆಲವನ್ನು ಮಗು ಬಂದ ಮೇಲೆ ಕಲಿಯುತ್ತೇನೆ ಎಂದರೆ ಆಗದು. ಎಂಟು ತಿಂಗಳ ಕೂಸಿನ ಗಂಟಲಲ್ಲಿ ಕಡಲೆಬೀಜ ಸಿಕ್ಕಿಕೊಂಡಿತು ಅನ್ನಿ. ನೆತ್ತಿ ಹತ್ತಿತೆಂದು ನೆತ್ತಿ ತಟ್ಟುವುದು, ಬಾಯಿಗೆ ಬೆರಳು ಹಾಕಿ ತಡಕುವುದು ನಮ್ಮಲ್ಲಿ ರೂಢಿ. ತಡಕಿದರೆ ಬೀಜ ಇನ್ನೂ ಒಳಕ್ಕೆ ಸರಿಯಬಹುದು. ಮಾಡಬೇಕಾದ್ದು ಬೇರೆ: ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಾಗುವಂತೆ ಹಿಡಿದು, ಎರಡು ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಏಟು, ಬೀಜ ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಐದು ಸಲ ಒತ್ತು. ದೊಡ್ಡವರಿಗೆ ಮಾಡುವಂತೆ ಹೊಟ್ಟೆ ಅಮುಕುವುದು ವರ್ಷದೊಳಗಿನ ಕೂಸಿಗೆ ಸಲ್ಲದು. ಇದನ್ನು ಓದಿ ತಿಳಿದರೆ ಸಾಲದು, ಗೊಂಬೆಯ ಮೇಲೆ ಕೈ ಪಳಗಬೇಕು. ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಬಾರದು, ಅಂಗಾತವೇ ಮಲಗಿಸಬೇಕು, ಬಚ್ಚಲಲ್ಲಿ ನೀರು ತುಂಬಿದ ಬಕೆಟ್ ಬಿಡಬಾರದು ಎಂಬುದೂ ಈ ಸಾಲಿನದೇ. ಪಟ್ಟಿ ಉದ್ದವಿಲ್ಲ, ಆದರೆ ಒಂದನ್ನೂ ಮುಂದಕ್ಕೆ ಹಾಕುವಂತಿಲ್ಲ.

ಉಳಿದದ್ದು ಮಗು ಇಲ್ಲದೆ ತಲೆಗೆ ಹತ್ತುವುದೇ ಇಲ್ಲ. ಎರಡು ವರ್ಷದ ಮಗು ಕಚ್ಚಿದರೆ ಏನು ಮಾಡಬೇಕು ಎಂಬುದು ತರಗತಿಯಲ್ಲಿ ಪಾಠ. ನಿನ್ನೆ ತಾನೇ ಕಚ್ಚಿದ ಗಾಯದ ಗುರುತು ಹೊತ್ತ ಇನ್ನೊಂದು ಮಗುವಿನ ತಾಯಿ ಗೇಟಿನಲ್ಲಿ ನಿಂತಿದ್ದಾಗ ಅದೇ ಪ್ರಶ್ನೆಗೆ ಬೇರೆ ತೂಕ. ಕೆಲಸ ಶುರುವಾದ ಮೇಲೆ ತರಗತಿಗೆ ಹೋಗುವ ಹೆಂಗಸು ಇಂಥದ್ದನ್ನು ಹೊತ್ತುಕೊಂಡು ಹೋಗುತ್ತಾಳೆ, ತನ್ನಂಥ ಹತ್ತಾರು ಮಂದಿಯ ಮುಂದಿಡುತ್ತಾಳೆ. ಜರ್ಮನ್ ಪಠ್ಯದಲ್ಲಿ ಆಕೆ ತನ್ನದೇ ಒಂದು ಕಡತವನ್ನೂ ಇಡಬೇಕು, ಕಲಿತದ್ದನ್ನು ಬರೆದಿಡಬೇಕು. ಇಡೀ ದಿನ ಮಾತು ಬಾರದ ಮಕ್ಕಳ ನಡುವೆ ಒಬ್ಬಳೇ ಇರುವವಳಿಗೆ ತರಗತಿ ಎಂದರೆ ನಾಲ್ಕು ಜನ ದೊಡ್ಡವರ ಜತೆ ಮಾತಾಡುವ ಅವಕಾಶವೂ ಹೌದು. ಈ ಕೆಲಸದ ಒಂಟಿತನದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ.

ಹಾಗಂತ ಗಂಟೆ ಹೆಚ್ಚಿಸಿದಷ್ಟೂ ಒಳ್ಳೆಯದು ಎನ್ನಲಾಗದು. ಇಂಗ್ಲೆಂಡಿನ ಅನುಭವ ಎಚ್ಚರಿಸುವಂಥದ್ದು. ಅಲ್ಲಿ 1990ರ ದಶಕದ ಮಧ್ಯದಲ್ಲಿ ಲಕ್ಷದ ಆಸುಪಾಸಿನಲ್ಲಿದ್ದ ಚೈಲ್ಡ್‌ಮೈಂಡರ್‌ಗಳು, ಅಂದರೆ ಅಲ್ಲಿನ ಹಗಲಿನ ತಾಯಂದಿರು, ಈಗ ಮೂವತ್ತು ಸಾವಿರಕ್ಕಿಂತ ಕಡಿಮೆ. ಕಾಗದ ಪತ್ರ, ತಪಾಸಣೆ, ಅದಕ್ಕೆ ತಕ್ಕ ಸಂಪಾದನೆ ಇಲ್ಲದಿರುವುದು ಎಲ್ಲವೂ ಸೇರಿ ಹೆಂಗಸರು ಕೈಬಿಟ್ಟರು. ಸರ್ಕಾರ 2024ರಲ್ಲಿ ಅವರಿಗೆಂದೇ ಹಗುರವಾದ ನಿಯಮಾವಳಿ ತಂದು, ನೋಂದಣಿಗೆ ಮುನ್ನ ಕೋರ್ಸ್ ಮಾಡಲೇಬೇಕೆಂಬ ಷರತ್ತನ್ನೂ ಸಡಿಲಿಸಿತು. ಮಕ್ಕಳ ಪ್ರಥಮ ಚಿಕಿತ್ಸೆಯ 12 ಗಂಟೆಯ ತರಬೇತಿಯನ್ನು ಮಾತ್ರ ಬಿಡಲಿಲ್ಲ. ಬಿಡದೆ ಉಳಿಸಿಕೊಂಡದ್ದು ಯಾವುದು ಎಂಬುದರಲ್ಲೇ ಪಾಠವಿದೆ.

ಕೊಲಂಬಿಯಾದ್ದು ಇನ್ನೊಂದು ಕಥೆ. 1980ರ ದಶಕದ ಉತ್ತರಾರ್ಧದಲ್ಲಿ ಅಲ್ಲಿನ ಸರ್ಕಾರ ಬಡ ಕೇರಿಗಳ ಹೆಂಗಸರ ಮನೆಗಳನ್ನೇ ಶಿಶುಪಾಲನಾ ಕೇಂದ್ರ ಮಾಡಿತು, ‘ಸಮುದಾಯದ ತಾಯಂದಿರು’ ಎಂದು ಹೆಸರಿಟ್ಟಿತು. ಒಬ್ಬೊಬ್ಬರ ಮನೆಯಲ್ಲಿ ಹನ್ನೆರಡರಿಂದ ಹದಿನೈದು ಮಕ್ಕಳು. ಹೆಸರೇನೋ ದೊಡ್ಡದು, ಕೈಗೆ ಬರುತ್ತಿದ್ದದ್ದು ಸಣ್ಣ ಭತ್ಯೆ. ಕೆಲಸದ ಕರಾರು, ಕನಿಷ್ಠ ವೇತನ ಸಿಗಲು 2014 ಆಗಬೇಕಾಯಿತು. ‘ಗೌರವಧನ’ ಎಂಬ ಪದದ ಅರ್ಥ ಬಲ್ಲ ನಮ್ಮ ಅಂಗನವಾಡಿ ಕಾರ್ಯಕರ್ತೆಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕರ್ನಾಟಕಕ್ಕೆ ಈ ವಿಷಯ ಹೊಸದೇನಲ್ಲ. 1975ರಲ್ಲಿ ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಪ್ರಾಯೋಗಿಕವಾಗಿ ಆರಂಭವಾದ ತಾಣಗಳಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರವೂ ಒಂದು. ಆದರೆ ಅಂಗನವಾಡಿಯ ಚಾಪೆಯ ಮೇಲೆ ಕೂರುವುದು ಮೂರು ವರ್ಷ ದಾಟಿದವರು. ಅದಕ್ಕಿಂತ ಚಿಕ್ಕವರಿಗೆ ಸಿಗುವುದು ಮುಖ್ಯವಾಗಿ ಮನೆಗೆ ಒಯ್ಯುವ ಆಹಾರದ ಪೊಟ್ಟಣ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 26 ವಾರ ರಜೆ ಕೊಟ್ಟಿತು, 50 ಮತ್ತು ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದಿತು. 26 ವಾರ ಮುಗಿದಾಗ ಕೂಸಿಗೆ ಆರು ತಿಂಗಳು. ಹನ್ನೆರಡು ಜನರ ಆಫೀಸಿನ ಅಕೌಂಟೆಂಟ್‌ಗೆ, ಅಂಗಡಿಯ ಸೇಲ್ಸ್ ಹುಡುಗಿಗೆ, ನಾಲ್ಕು ಮನೆಯ ಪಾತ್ರೆ ತೊಳೆಯುವವಳಿಗೆ ಅಲ್ಲಿಂದ ಮುಂದಿನ ಎರಡೂವರೆ ವರ್ಷ ಅತ್ತೆಯೋ, ತಾಯಿಯೋ, ಇಲ್ಲವಾದರೆ ಆ ಆಂಟಿಯೋ.

ಹಳ್ಳಿಗಳಲ್ಲಿ ರಾಜ್ಯ ಸರ್ಕಾರ 2023ರ ಬಜೆಟ್ಟಿನಲ್ಲಿ ಘೋಷಿಸಿದ ‘ಕೂಸಿನ ಮನೆ’ ಒಂದು ಒಳ್ಳೆಯ ಹೆಜ್ಜೆ. ನರೇಗಾ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೇಂದ್ರ, ನೋಡಿಕೊಳ್ಳುವವರೂ ಜಾಬ್ ಕಾರ್ಡ್ ಇರುವ ಹೆಂಗಸರೇ, ಅವರಿಗೆ ತರಬೇತಿ, ನರೇಗಾದ್ದೇ ಕೂಲಿ, 2025-26ರಲ್ಲಿ ದಿನಕ್ಕೆ 370 ರೂಪಾಯಿ. ಮಗು ನೋಡಿಕೊಳ್ಳುವುದೂ ಗುದ್ದಲಿ ಹಿಡಿದಷ್ಟೇ ಕೆಲಸ ಎಂದು ಸರ್ಕಾರಿ ಲೆಕ್ಕಪತ್ರ ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ. ತೊಡಕಿರುವುದು ಸರದಿಯಲ್ಲಿ. ಕುಟುಂಬವೊಂದಕ್ಕೆ ವರ್ಷಕ್ಕೆ ಇಂತಿಷ್ಟೇ ದಿನದ ಕೆಲಸ ಎಂಬ ಮಿತಿಗೆ ಹೊಂದಿಸಲು ಹಲವರಿಗೆ ತರಬೇತಿ ಕೊಟ್ಟು ಬದಲಾಯಿಸುತ್ತ ಹೋಗಬೇಕು. ಮಾಡುತ್ತ ಮಾಡುತ್ತ ಕೈ ಪಳಗುವ ಹೊತ್ತಿಗೆ ಒಬ್ಬಳ ದಿನಗಳು ಮುಗಿಯುತ್ತವೆ, ಮಗುವಿನ ಎದುರು ಇನ್ನೊಂದು ಮುಖ. ಮೂರು ದಿನ ಅಮ್ಮನನ್ನು ಪಕ್ಕದಲ್ಲಿ ಕೂರಿಸುವ ಬರ್ಲಿನ್ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಪಟ್ಟಣದ ಆಂಟಿಗೆ ಅಷ್ಟೂ ಇಲ್ಲ. ಆಕೆಯ ಕೆಲಸಕ್ಕೆ ಕನ್ನಡದಲ್ಲಿ ಒಂದು ಹೆಸರೂ ಇಲ್ಲ. ‘ಬೇಬಿ ಸಿಟ್ಟಿಂಗ್ ಮಾಡ್ತಾರೆ’ ಎನ್ನುತ್ತಾರೆ, ರೇಷನ್ ಕಾರ್ಡಿನಲ್ಲಿ ಗೃಹಿಣಿ. ಆಕೆಯನ್ನು ಕಟ್ಟಡ, ಅಗ್ನಿಶಾಮಕ, ಸಿಸಿಟಿವಿ ಎಂಬ ಡೇ ಕೇರ್ ನಿಯಮಗಳಿಗೆ ಕಟ್ಟಿಹಾಕಲು ಹೊರಟರೆ ಬೋರ್ಡ್ ತೆಗೆದು ಒಳಬಾಗಿಲಿಂದ ಅದೇ ಕೆಲಸ ಮುಂದುವರಿಸುತ್ತಾಳೆ, ಅಷ್ಟೇ. ತರಬೇತಿಯಿಂದ ಶುರುಮಾಡುವುದು ಸರಿಯಾದ ದಾರಿ. ಅದಕ್ಕೆ ಹೊಸ ಇಲಾಖೆಯೂ ಬೇಡ. ಈಗಾಗಲೇ ಕೆಲಸ ಮಾಡುತ್ತಿರುವವರ ಕೌಶಲವನ್ನು ಪರೀಕ್ಷಿಸಿ, ಕೊರತೆ ತುಂಬಿ, ಪ್ರಮಾಣಪತ್ರ ಕೊಡುವ ‘ಪೂರ್ವ ಕಲಿಕೆಯ ಮಾನ್ಯತೆ’ ಎಂಬ ಅವಕಾಶ ಕೇಂದ್ರದ ಕೌಶಲ ವಿಕಾಸ ಯೋಜನೆಯಲ್ಲೇ ಇದೆ. ಗಾರೆ ಕೆಲಸದವರಿಗೆ, ಹೊಲಿಗೆಯವರಿಗೆ ಸಲ್ಲುವುದು ಇವರಿಗೂ ಸಲ್ಲಬೇಕು. ಮೊದಲ ವಾರ ಗೊಂಬೆಯ ಮೇಲೆ ಐದು ಏಟಿನ ಅಭ್ಯಾಸ, ಮನೆಯನ್ನೊಮ್ಮೆ ನೋಡಿಬರುವುದು. ಆಮೇಲೆ ತಿಂಗಳಿಗೆ ಎರಡು ಅರ್ಧ ದಿನ, ಒಂದು ವರ್ಷ, ಸಂಬಳ ಕಡಿತವಾಗದಂತೆ. ಪಾಠ ಹೇಳಲು ಮೂವತ್ತು ವರ್ಷ ಮಕ್ಕಳನ್ನು ಕಂಡು ನಿವೃತ್ತರಾದ ಅಂಗನವಾಡಿ ಮೇಲ್ವಿಚಾರಕಿಯರಿದ್ದಾರೆ.

ಸಂಬಳ ಕಡಿತವಾಗದಂತೆ ಎಂದದ್ದು ಹಗುರವಾದ ಮಾತಲ್ಲ. ಜರ್ಮನಿಯಲ್ಲಿ ಹಗಲಿನ ತಾಯಿಗೆ ಗಂಟೆಯ ಲೆಕ್ಕದಲ್ಲಿ ಹಣ ಕೊಡುವುದು ಸ್ಥಳೀಯ ಆಡಳಿತದ ಯುವಜನ ಕಚೇರಿ. ಆರೋಗ್ಯ ವಿಮೆ, ಪಿಂಚಣಿಯ ಕಂತಿನಲ್ಲೂ ಅರ್ಧ ಅದೇ ಭರಿಸುತ್ತದೆ. ಬೆಂಗಳೂರಿನ ಆಂಟಿಗೆ ಕೊಡುವವಳು ತಾನೇ ಸಂಬಳದ ಅರ್ಧವನ್ನು ಮನೆ ಬಾಡಿಗೆಗೆ ತೆರುವ ಇನ್ನೊಬ್ಬ ಹೆಂಗಸು. ತರಬೇತಿ ಪಡೆದ ಆಂಟಿ ತಿಂಗಳಿಗೆ ಸಾವಿರ ರೂಪಾಯಿ ಹೆಚ್ಚು ಕೇಳಿದರೆ ಆಕೆ ಎಲ್ಲಿಂದ ತರಬೇಕು? ಬೊಕ್ಕಸದ ಪಾಲಿಲ್ಲದೆ ಈ ಲೆಕ್ಕ ಕೂಡುವುದಿಲ್ಲ. ಅದನ್ನು ಒಪ್ಪದೆ ತರಬೇತಿಯ ಮಾತಾಡುವವರು ಪ್ರಮಾಣಪತ್ರಕ್ಕೆ ಫ್ರೇಮ್ ಹಾಕಿಸಿಕೊಡುತ್ತಾರೆ, ಅಷ್ಟೇ.

ಮತ್ತೊಂದು ಸಣ್ಣ ಪ್ರಶ್ನೆ ಉಳಿಯುತ್ತದೆ: ಆಂಟಿ ತರಗತಿಗೆ ಹೋದ ಆ ಅರ್ಧ ದಿನ ಮಕ್ಕಳು ಎಲ್ಲಿರಬೇಕು? ಫ್ರಾನ್ಸಿನಲ್ಲಿ, ಕೆಲಸ ಶುರುವಾದ ಮೇಲಿನ ತರಬೇತಿಯ ದಿನಗಳಲ್ಲಿ ಮಕ್ಕಳಿಗೆ ಬೇರೆ ಏರ್ಪಾಡು ಮಾಡುವುದು ಜಿಲ್ಲಾಡಳಿತದ ಹೊಣೆ. ಇಲ್ಲಿ ಆಂಟಿಯ ಮನೆಯಿಂದ ಎರಡು ಕ್ರಾಸ್ ಆಚೆ ಅಂಗನವಾಡಿ ಇದೆ. ಅಲ್ಲಿನ ಟೀಚರ್ ಆಂಟಿಗೆ ಹಾಲಿನ ಬೂತಿನಲ್ಲಿ ದಿನಾ ಸಿಗುತ್ತಾರೆ. ಮೂರು ಮಕ್ಕಳಲ್ಲಿ ಒಂದಕ್ಕೆ ಅವರ ಪರಿಚಯವಿದೆ. ಉಳಿದೆರಡು ಒಂದೆರಡು ಬೆಳಗ್ಗೆ ಆಂಟಿಯ ಜತೆಯಲ್ಲೇ ಹೋಗಿ ಕೂತುಬಂದರೆ, ಸೋಮವಾರ ಬಿಟ್ಟು, ಅವೂ ಒಗ್ಗಿಕೊಳ್ಳುತ್ತವೆ.