ಪವನಾಶನನಿಗೂ ಹಸಿವುಂಟು

ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಅಮರಕೋಶವನ್ನು ಬಾಯಿಪಾಠ ಮಾಡಿಸಿದವರು ನಾವು. ಹಾವಿಗೆ ಪವನಾಶನನೆಂದು ಹೆಸರು, ಗಾಳಿಯನ್ನು ಉಂಡು ಬಾಳತಕ್ಕದ್ದೆಂದು ಅರ್ಥ. ಬಿಲೇಶಯನೆಂದು ಹೆಸರು, ಬಿಲದಲ್ಲಿ ಮಲಗತಕ್ಕದ್ದೆಂದು ಅರ್ಥ. ಕುಂಡಲಿಯೆಂದು ಹೆಸರು, ಸುರುಳಿ ಸುತ್ತಿಕೊಳ್ಳತಕ್ಕದ್ದೆಂದು ಅರ್ಥ. ಹೆಸರುಗಳನ್ನು ಹೇಳಿಕೊಟ್ಟೆವೇ ಹೊರತು ಆ ಪ್ರಾಣಿಯನ್ನು ಒಂದು ದಿನವಾದರೂ ಕಣ್ಣಿಟ್ಟು ನೋಡಿದವರಲ್ಲ. ಕಳೆದ ಚಳಿಗಾಲದಲ್ಲಿ ಆ ಪಾಠವನ್ನು ನಾವೇ ಕಲಿಯಬೇಕಾಗಿ ಬಂದಿತು.

ನಮ್ಮ ಬೀದಿಯ ಒಂದು ಮನೆಯ ಮಗನು ಕಾಲೇಜಿನಲ್ಲಿದ್ದಾಗ ಬಾಲ್ ಪೈಥಾನ್ ಎಂಬ ವಿದೇಶೀ ಹೆಬ್ಬಾವಿನ ಮರಿಯೊಂದನ್ನು ತಂದು ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ್ದನು. ಉದ್ಯೋಗವು ದೊರೆತು ಅವನು ಹೊರದೇಶಕ್ಕೆ ಹೋದ ಮೇಲೆ ಹಾವು ತಾಯಿಯ ಪಾಲಿಗೆ ಉಳಿಯಿತು. ಆಕೆಗೆ ಹಾವೆಂದರೆ ನಡುಕ. ಅದಕ್ಕೆ ಇಲಿಯನ್ನು ಹಾಕುವುದೆಂದರೆ ಇನ್ನೂ ಹೇಸಿಗೆ. ಆದಕಾರಣ ದಿನವೂ ಒಂದು ಬಟ್ಟಲು ಹಾಲನ್ನಿಟ್ಟು ಕೋಣೆಯ ಬಾಗಿಲೆಳೆದುಕೊಂಡು ಬರುತ್ತಿದ್ದರು. ಹೀಗೆಯೇ ಕೆಲವು ತಿಂಗಳು ಕಳೆದವು. ಒಂದು ಸಂಜೆ ನಮ್ಮಲ್ಲಿಗೆ ಬಂದು, “ಮೇಷ್ಟ್ರೇ, ಹಾವು ಅಲುಗಾಡುವುದೇ ಇಲ್ಲ. ಸತ್ತರೆ ಸರ್ಪಹತ್ಯೆಯ ದೋಷ ನಮ್ಮ ಮನೆಗೆ ತಟ್ಟೀತೇ?” ಎಂದು ಕಣ್ಣೀರಿಟ್ಟರು.

“ಹೆದರಬೇಡಿ ತಾಯಿ, ಕೆರೆಯ ಏರಿಯ ನಾಗರಕಟ್ಟೆಯ ಬಳಿ ಬಿಟ್ಟುಬಿಡೋಣ” ಎಂದೆವು. ಅದು ಪುಣ್ಯದ ಕೆಲಸವೆಂದೇ ನಮ್ಮ ಭಾವನೆಯಾಗಿತ್ತು. ಹಾವನ್ನು ಮುಟ್ಟುವ ಧೈರ್ಯ ಮಾತ್ರ ನಮಗಿಲ್ಲದ ಕಾರಣ, ಪಶುವೈದ್ಯನಾಗಿರುವ ಹಳೆಯ ಶಿಷ್ಯನೊಬ್ಬನನ್ನು ಕರೆಯಿಸಿದೆವು.

ಅವನು ನಮ್ಮ ಯೋಚನೆಯನ್ನು ಕೇಳಿ ತಲೆಯಾಡಿಸಿದನು. “ಮೇಷ್ಟ್ರೇ, ಇದು ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಜಾತಿ. ಪೆಟ್ಟಿಗೆಯಲ್ಲಿ ಬೆಳೆದ ಇದಕ್ಕೆ ಇಲ್ಲಿ ಬೇಟೆಯಾಡಿ ಬದುಕುವುದು ಕಷ್ಟ. ಇದರ ರೋಗವೇನಾದರೂ ಇದ್ದರೆ ನಮ್ಮ ನಾಡಿನ ಹಾವುಗಳಿಗೆ ಅಂಟೀತು. ಒಂದು ವೇಳೆ ಬದುಕಿ ಹಬ್ಬಿದರೆ ಇನ್ನೊಂದು ಕೇಡು” ಎಂದನು. ಅಮೆರಿಕದ ಫ್ಲಾರಿಡಾ ಪ್ರಾಂತದ ಜೌಗುನೆಲದಲ್ಲಿ, ಸಾಕಿದವರು ಬಿಟ್ಟ ಮತ್ತು ತಪ್ಪಿಸಿಕೊಂಡ ಬರ್ಮಾದ ಹೆಬ್ಬಾವುಗಳು ಹೆಚ್ಚಿ ಅಲ್ಲಿನ ಸಣ್ಣಪುಟ್ಟ ಮೃಗಗಳನ್ನು ಬಹುವಾಗಿ ತಿಂದುಹಾಕಿದ ಸಂಗತಿಯನ್ನೂ ತಿಳಿಸಿದನು. ನಾವು ನಾಚಿ ಸುಮ್ಮನಾದೆವು.

ಪೆಟ್ಟಿಗೆಯನ್ನು ತೆರೆದಾಗ ಕಂಡ ನೋಟವು ಮರೆಯತಕ್ಕದ್ದಲ್ಲ. ಬೆನ್ನೆಲುಬು ಏಣಾಗಿ ಎದ್ದಿತ್ತು. ಹಳೆಯ ಪೊರೆಯು ಪೂರ್ತಿಯಾಗಿ ಕಳಚದೆ ಅಲ್ಲಲ್ಲಿ ಒಣಗಿ ಅಂಟಿತ್ತು. ಕಣ್ಣುಗಳ ಮೇಲೂ ಅದೇ ಪೊರೆ. ಮೂಲೆಯಲ್ಲಿ ಹುಳಿತ ಹಾಲು. ಹಾವಿಗೆ ಹಾಲು ಆಹಾರವಲ್ಲ, ಬಾಯಾರಿ ಬೇರೆ ಗತಿಯಿಲ್ಲದಾಗ ಮಾತ್ರ ಕುಡಿದೀತೆಂದು ವೈದ್ಯನು ಹೇಳಿದನು. ಬಿಲೇಶಯನೆಂಬ ಹೆಸರಿನ ಪ್ರಾಣಿಗೆ ಅಡಗಿಕೊಳ್ಳಲು ಒಂದು ಗೂಡೂ ಇರಲಿಲ್ಲ. ನಾಲ್ಕು ಕಡೆಯೂ ಗಾಜು. ಹೆದರಿದಾಗ ಚೆಂಡಿನಂತೆ ಸುತ್ತಿಕೊಂಡು ತಲೆಯನ್ನು ಒಳಗೆ ಬಚ್ಚಿಡುವುದರಿಂದಲೇ ಇದಕ್ಕೆ ಬಾಲ್ ಪೈಥಾನ್ ಎಂಬ ಹೆಸರಂತೆ. ನಾವು ನೋಡಿದಾಗಲೂ ಕುಂಡಲಿಯು ಹಾಗೆಯೇ ಇದ್ದಿತು.

ಆರೋಗ್ಯವಾಗಿರುವ ದೊಡ್ಡ ಹಾವು ತಿಂಗಳುಗಟ್ಟಲೆ ಉಪವಾಸವಿರಬಲ್ಲದು. ಪವನಾಶನನೆಂಬ ಹೆಸರು ಅದರಿಂದಲೇ ಬಂದಿರಬೇಕೆಂದು ನಮಗೆ ತೋರುತ್ತದೆ. ಆದರೆ ತಾನಾಗಿ ಉಪವಾಸವಿರುವುದು ಬೇರೆ, ಅನ್ನವಿಲ್ಲದೆ ಬಳಲುವುದು ಬೇರೆ.

ಶಿಷ್ಯನು ಹಾವನ್ನು ತನ್ನ ಮನೆಗೆ ಒಯ್ದನು. ಪೊರೆಯನ್ನು ಕೈಯಿಂದ ಕೀಳದೆ, ಒದ್ದೆಬಟ್ಟೆ ಹಾಸಿದ ಡಬ್ಬಿಯಲ್ಲಿರಿಸಿ ತಾನಾಗಿ ಬಿಡುವಂತೆ ಮಾಡಿದನು. ಪೆಟ್ಟಿಗೆಯ ಒಂದು ಬದಿಗೆ ಸುಮಾರು 32 ಡಿಗ್ರಿ ಶಾಖ, ಇನ್ನೊಂದು ಬದಿಗೆ ಸುಮಾರು 26, ಎರಡು ಕಡೆಯೂ ಅಡಗುವ ಗೂಡು, ಶುದ್ಧವಾದ ನೀರು. ಮೂರನೆಯ ವಾರದಲ್ಲಿ ಅದು ಒಂದು ಸಣ್ಣ ಇಲಿಯನ್ನು ನುಂಗಿತೆಂದು ಸುದ್ದಿ ಬಂದಾಗ ಆ ತಾಯಿಯು ದೇವರಿಗೆ ದೀಪ ಹಚ್ಚಿದರು.

ಬಳಿಕ ಅದಕ್ಕೊಂದು ಮನೆಯನ್ನು ಹುಡುಕಬೇಕಾಯಿತು. ನಮ್ಮ ನಾಡಿನ ಕಾಡುಹಾವುಗಳನ್ನು ಮನೆಯಲ್ಲಿ ಸಾಕಲು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಿಡುವುದಿಲ್ಲ. ಇಂಥ ವಿದೇಶೀ ಹಾವುಗಳನ್ನು ಸಾಕುವವರು, ಆ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯ ಮೇರೆಗೆ ನೋಂದಣಿ ಮಾಡಿಸಬೇಕು. ಕೈಬದಲಾದರೆ ಅದನ್ನೂ ತಿಳಿಸಬೇಕು. ಪುಣ್ಯಕ್ಕೆ ಮಗನ ಕಾಗದಪತ್ರಗಳು ಸರಿಯಾಗಿದ್ದವು. ಬೇಕೆಂದು ಬಂದವರನ್ನು ನಾವು ಮೂರು ಮಾತು ಕೇಳಿದೆವು: ಶಾಖದ ಪೆಟ್ಟಿಗೆ ಸಿದ್ಧವಾಗಿದೆಯೇ? ನೀವು ಊರಿಗೆ ಹೋದರೆ ನೋಡಿಕೊಳ್ಳುವವರು ಯಾರು? ಇನ್ನು ಇಪ್ಪತ್ತು ವರ್ಷ ಸಾಕಬಲ್ಲಿರಾ? ಮೂರನೆಯದನ್ನು ಕೇಳಿ ಇಬ್ಬರು ಹಿಂದಿರುಗಿದರು. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಬಂದ ಇದೇ ಜಾತಿಯ ಹಾವೊಂದು 2020ರಲ್ಲಿ ಮೊಟ್ಟೆಯಿಟ್ಟಿತೆಂಬುದನ್ನು ನೆನೆದರೆ, ಆ ಪ್ರಶ್ನೆಯು ಹೆಚ್ಚಾಯಿತೆನ್ನಲಾಗದು. ಮೂರಕ್ಕೂ ಉತ್ತರವಿದ್ದ ಅನುಭವಸ್ಥರೊಬ್ಬರು ಕೊನೆಗೆ ಅದನ್ನು ಕೊಂಡೊಯ್ದರು. ಆ ತಾಯಿಯು ದೂರದಿಂದಲೇ ಕೈಮುಗಿದರು.

ಆಕೆಯ ಪ್ರಶ್ನೆಗೆ ಅಂದು ನಾವು ಉತ್ತರ ಕೊಟ್ಟಿರಲಿಲ್ಲ, ಇಂದು ಕೊಡುತ್ತೇವೆ. ಹೆದರುತ್ತಲೇ ಹಾಲನ್ನಿಟ್ಟ ತಾಯಿಗೆ ದೋಷವಿಲ್ಲ. ಮರಿಯನ್ನು ತರುವಾಗ ವರ್ಷಗಳ ಲೆಕ್ಕ ಹಾಕದ ಮಗನಿಗೆ ಅದರಲ್ಲಿ ಪಾಲುಂಟು. ಹೆಸರನ್ನು ಕಲಿಸಿ ಹಸಿವನ್ನು ಕಲಿಸದೆ ಹೋದ ನಮಗೂ ಉಂಟು.