ಮೀನಿನ ತೊಟ್ಟಿಗೆ ವಾರಕ್ಕೆ ಐದು ಬಿಂದಿಗೆ ಸಾಕು, ಪೂರ್ತಿ ತೊಳೆಯಬೇಡಿ

ದಸರೆಗೆ ನೆಂಟರು ಬರುತ್ತಾರೆಂದರೆ ಮೈಸೂರಿನ ಮನೆಗಳಲ್ಲಿ ಧೂಳು ಹೊಡೆಯುವ ಕೆಲಸ ಹದಿನೈದು ದಿನ ಮೊದಲೇ ಶುರು. ಬೋಗಾದಿ ಕಡೆ ಮನೆ ಕಟ್ಟಿರುವ ನಮ್ಮ ದೊಡ್ಡಪ್ಪನ ಮಗ ಕಳೆದ ಸಲ ಕಿಟಕಿ, ಫ್ಯಾನಿನ ಜೊತೆಗೆ ಹಾಲ್‌ನಲ್ಲಿದ್ದ ನಾಲ್ಕಡಿ ಉದ್ದದ ಅಕ್ವೇರಿಯಂ ಕೂಡ ತೊಳೆಸಿದ. ನಾಲ್ಕು ತಿಂಗಳಿಂದ ಆ ನೀರನ್ನು ಬದಲಿಸಿರಲಿಲ್ಲ, ಕಡಿಮೆಯಾದಷ್ಟು ಮೇಲೆ ಸುರಿಯುತ್ತಿದ್ದ ಅಷ್ಟೆ. ಈಗ ಎಲ್ಲ ಖಾಲಿ ಮಾಡಿಸಿ, ಕಲ್ಲು, ಫಿಲ್ಟರಿನ ಸ್ಪಂಜು ಎಲ್ಲವನ್ನೂ ನಲ್ಲಿಯಡಿ ಹಿಡಿದು ತಿಕ್ಕಿಸಿ, ಟ್ಯಾಂಕರಿನ ಬೋರ್ ನೀರು ತುಂಬಿಸಿದ. ಗಾಜು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆಯುಧಪೂಜೆಯ ಬೆಳಗ್ಗೆ ನಾನು ಹೋದಾಗ ಹನ್ನೊಂದು ಗೋಲ್ಡ್‌ಫಿಶ್‌ಗಳಲ್ಲಿ ಏಳು ಮೇಲೆ ತೇಲುತ್ತಿದ್ದವು.

"ಇಷ್ಟು ಕ್ಲೀನಾಗಿ ತೊಳೆಸಿದ್ದೀನಿ, ಆದ್ರೂ ಯಾಕೋ ಸತ್ತೋದ್ವು?" ಅಂದ. ಅಷ್ಟು ಕ್ಲೀನಾಗಿ ತೊಳೆಸಿದ್ದಕ್ಕೇ ಅಣ್ಣ ಅಂತ ಹಬ್ಬದ ದಿನ ಹೇಳಲು ಬಾಯಿ ಬರಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಮೊಸರಿನ ಲೆಕ್ಕ ನೆನಪಿಸಿಕೊಳ್ಳಿ. ಹೆಪ್ಪು ಚೆಲ್ಲಿದರೆ ಮರುದಿನ ಮೊಸರಿಲ್ಲ. ಮೀನಿನ ತೊಟ್ಟಿಯಲ್ಲೂ ಒಂದು ಹೆಪ್ಪು ಇರುತ್ತದೆ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಮೀನಿನ ಹಿಕ್ಕೆ ಮತ್ತು ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಮೀನಿಗೆ ಅದು ವಿಷ. ಈ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟನ್ನು ಮೀನು ಸ್ವಲ್ಪಮಟ್ಟಿಗೆ ತಡೆದುಕೊಳ್ಳುತ್ತದೆ. ಇವು ಹೆಚ್ಚಾಗಿ ಇರುವುದು ನೀರಿನಲ್ಲಿ ಅಲ್ಲ, ಸ್ಪಂಜಿನಲ್ಲಿ ಮತ್ತು ಕಲ್ಲುಗಳ ಮೇಲೆ. ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಅವನ್ನು ತಿಕ್ಕಿದರೆ ಹೆಪ್ಪು ಚೆಲ್ಲಿದಂತೆಯೇ. ಸ್ಪಂಜು ತೊಳೆಯಲೇಬೇಕಾದರೆ ತೊಟ್ಟಿಯಿಂದ ತೆಗೆದ ಹಳೇ ನೀರಿನಲ್ಲಿ ಅದ್ದಿ ಹಿಂಡಿ, ಸಾಕು.

ಅಣ್ಣನ ಮನೆಯಲ್ಲಿ ಇನ್ನೊಂದು ಪೆಟ್ಟೂ ಬಿತ್ತು. ತಿಂಗಳುಗಟ್ಟಲೆ ಬದಲಿಸದ ನೀರು ನಿಧಾನಕ್ಕೆ ಹುಳಿಯ ಕಡೆ ತಿರುಗುತ್ತದೆ, ಮೀನೂ ದಿನದಿನಕ್ಕೆ ಅದಕ್ಕೆ ಒಗ್ಗಿಕೊಳ್ಳುತ್ತದೆ. ನಮ್ಮ ಬೋರ್ ನೀರು ಸಾಮಾನ್ಯವಾಗಿ ಗಡಸು, ಕ್ಷಾರದ ಕಡೆಯದು. ಒಂದೇ ಗಂಟೆಯಲ್ಲಿ ಅದರಿಂದ ಇದಕ್ಕೆ ಹಾಕಿದರೆ ಮೀನಿನ ಮೈ ತಡೆಯುವುದಿಲ್ಲ. ಸಾಲದ್ದಕ್ಕೆ ಹೊಸದಾಗಿ ಹುಟ್ಟುವ ಅಮೋನಿಯಾ ಕ್ಷಾರದ ನೀರಿನಲ್ಲಿ ಇನ್ನಷ್ಟು ವಿಷ. ಹಾಗಾಗಿ ಬಹಳ ದಿನ ಬಿಟ್ಟ ತೊಟ್ಟಿಯಾದರೆ ಒಮ್ಮೆಲೇ ಕೈ ಹಾಕಬೇಡಿ. ದಿನ ಬಿಟ್ಟು ದಿನ ಹತ್ತನೇ ಒಂದು ಭಾಗ ಬದಲಿಸುತ್ತಾ ಎರಡು ವಾರದಲ್ಲಿ ದಾರಿಗೆ ತನ್ನಿ.

ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರ ಅಂದರೆ 12 ಘನ ಅಡಿ. ಒಂದು ಘನ ಅಡಿಗೆ 28 ಲೀಟರ್ ಚಿಲ್ಲರೆ. ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ಸುಮಾರು 300 ಲೀಟರ್. ತಿಂಗಳಿಗೊಮ್ಮೆ ಪೂರ್ತಿ ಬದಲಿಸಿದರೂ 300 ಲೀಟರ್, ವಾರಕ್ಕೆ ಕಾಲು ಭಾಗ ಬದಲಿಸಿದರೂ ನಾಲ್ಕು ವಾರಕ್ಕೆ ಅದೇ 300 ಲೀಟರ್! ಖರ್ಚು ಅಷ್ಟೇ, ಆದರೆ ಒಂದರಲ್ಲಿ ಮೀನು ಸಾಯುತ್ತದೆ, ಇನ್ನೊಂದರಲ್ಲಿ ಬದುಕುತ್ತದೆ. ಕಾಲು ಭಾಗ ಅಂದರೆ 75 ಲೀಟರ್, 15 ಲೀಟರಿನ ಪ್ಲಾಸ್ಟಿಕ್ ಬಿಂದಿಗೆಯಲ್ಲಿ ಐದು. ಮೀನು ಕಡಿಮೆ, ಗಿಡ ಜಾಸ್ತಿ ಇದ್ದರೆ ಹದಿನೈದು ದಿನಕ್ಕೊಮ್ಮೆ ಮಾಡಿದರೂ ನಡೆಯುತ್ತದೆ. ಗೋಲ್ಡ್‌ಫಿಶ್‌ಗೆ ನಡೆಯುವುದಿಲ್ಲ. ಅದು ನಮ್ಮ ಕೆರೆಯ ಗೆಂಡೆಯ ಜಾತಿ, ತಿನ್ನುವುದೂ ಜಾಸ್ತಿ, ಹೊಲಸೂ ಜಾಸ್ತಿ.

"ದೊಡ್ಡ ಟ್ಯಾಂಕಿಗೆ ಕೆಲಸ ಕಡಿಮೆ" ಎಂದು ಅಂಗಡಿಯವರು ಹೇಳುತ್ತಾರೆ. ಅರ್ಧ ಸತ್ಯ. ದೊಡ್ಡ ತೊಟ್ಟಿಯಲ್ಲಿ ನೀರು ಬೇಗ ಕೆಡುವುದಿಲ್ಲ ನಿಜ, ಆದರೆ ದೊಡ್ಡದಿದೆ ಅಂತ ಮೀನೂ ಎರಡರಷ್ಟು ತುಂಬುತ್ತೇವಲ್ಲ!

ಆವಿಯಾದಷ್ಟು ಮೇಲೆ ಸುರಿಯುವುದು ನೀರು ಬದಲಿಸಿದಂತಲ್ಲ. ಸಾರು ಕುದಿದು ಕುದಿದು ಉಪ್ಪಾಗುವುದನ್ನು ನೋಡಿದ್ದೀರಿ. ನೀರು ಹೋಗುತ್ತದೆ, ಲವಣ ಉಳಿಯುತ್ತದೆ. ಗಡಸು ನೀರಿನ ಹಳ್ಳಿಗಳಲ್ಲಿ ಇದು ಇನ್ನೂ ಬೇಗ.

ಮೈಸೂರಿನ ನಲ್ಲಿಯಲ್ಲಿ ಬರುವುದು ಕ್ಲೋರಿನ್ ಹಾಕಿದ ಕಾವೇರಿ, ಕಬಿನಿ ನೀರು. ಬಾಯಿ ತೆರೆದ ಡ್ರಮ್ಮಿನಲ್ಲಿ ಒಂದು ದಿನ ಬಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಅಂಗಡಿಯಲ್ಲಿ ಹೈಪೋ ಸಿಗುತ್ತದೆ, ಹಿಂದೆ ಫೋಟೋ ಸ್ಟುಡಿಯೋದವರು ಬಳಸುತ್ತಿದ್ದದ್ದೇ. ಬೋರ್ ನೀರಿನಲ್ಲಿ ಕ್ಲೋರಿನ್ ಇಲ್ಲದಿದ್ದರೂ ಆಮ್ಲಜನಕ ಕಡಿಮೆ ಇರಬಹುದು, ಅದನ್ನೂ ಒಂದು ರಾತ್ರಿ ನಿಲ್ಲಿಸಿ.

ಬರಗಾಲದಲ್ಲಿ ಮೀನಿಗೆ ಇಷ್ಟು ನೀರೇ ಎಂದು ಊರಿನವರು ಕೇಳಿದರೆ ತಪ್ಪಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಹಾಕಿದರೆ 5000 ರೂಪಾಯಿ ದಂಡ ಎಂದಿತ್ತು. ನನ್ನ ಅಭಿಪ್ರಾಯ ನೇರ. ವಾರಕ್ಕೆ ಐದು ಬಿಂದಿಗೆ ಹೊರಲಾಗದ ಮನೆ ನಾಲ್ಕಡಿ ತೊಟ್ಟಿ ಇಡಬಾರದು. ಇಟ್ಟಿದ್ದರೆ ಆ ನೀರನ್ನು ಮೋರಿಗೆ ಬಿಡಬಾರದು. ಅದರಲ್ಲಿರುವ ನೈಟ್ರೇಟ್ ಗಿಡಕ್ಕೆ ಗೊಬ್ಬರ, ಯೂರಿಯಾದಿಂದ ಬೆಳೆಗೆ ಸಿಗುವುದೂ ಅದೇ ಸಾರಜನಕ. ಮೀನಿಗೆ ಔಷಧಿ ಅಥವಾ ಉಪ್ಪು ಹಾಕಿದ ವಾರ ಮಾತ್ರ ಗಿಡಕ್ಕೆ ಬೇಡ.

ಅಣ್ಣನ ಮನೆಯಲ್ಲಿ ಉಳಿದ ನಾಲ್ಕು ಮೀನು ಈಗಲೂ ಇವೆ. ಭಾನುವಾರ ಬೆಳಗ್ಗೆ ಅವನು ಪೈಪಿನಲ್ಲಿ ನೀರು ಎಳೆದರೆ ಅತ್ತಿಗೆ ಅದನ್ನು ಹಿತ್ತಲಿನ ಕರಿಬೇವಿನ ಗಿಡಕ್ಕೆ ಸುರಿಯುತ್ತಾರೆ. ಹೋದ ವಾರ ಒಂದು ಕಟ್ಟು ಕರಿಬೇವು ನಮ್ಮ ಮನೆಗೂ ಬಂತು.